ಲಂಗರಿನ ಹಗ್ಗಕ್ಕೆ ಗಾಳಿ ಎಷ್ಟು ಕೆಜಿ?

ಇಲ್ಲಿ ಬೋಟು ನಡೆಸುವ ತಾಂಡೇಲರು ಎಷ್ಟು ಜನ ಇದ್ದೀರಿ, ಒಮ್ಮೆ ಕೈ ಎತ್ತಿ. ಸರಿ, ಮೊದಲ ಪ್ರಶ್ನೆ ನಿಮಗೇ. 48 ಅಡಿಯ ಒಂದು ಮರದ ಟ್ರಾಲ್‌ಬೋಟು. ಮೂರು ಮಾರಿಗಿಂತ ತುಸು ಜಾಸ್ತಿ, ಅಂದರೆ 6 ಮೀಟರ್ ನೀರಿನಲ್ಲಿ ಲಂಗರು ಹಾಕಿ ನಿಂತಿದೆ. ಇಂಜಿನ್ ಬಂದ್. ಗಾಳಿ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ನೇರ ಮೂತಿಗೆ ಬಡಿಯುತ್ತಿದೆ. ಲಂಗರಿನ ಹಗ್ಗದ ಮೇಲೆ ಎಷ್ಟು ಎಳೆತ ಇರಬಹುದು?

"ಐದು ಟನ್" ಅಂತ ಅಲ್ಲಿಂದ ಬಂತು. "ಐವತ್ತು ಕೆಜಿ" ಅಂತ ಹಿಂದೆ ಕೂತ ಕಾಲೇಜು ಹುಡುಗರು. ಎರಡರ ನಡುವೆ ನೂರು ಪಟ್ಟು ವ್ಯತ್ಯಾಸ ಮಾರಾಯ್ರೆ! ತಮಾಷೆ ಅಂದರೆ, ಐದು ಟನ್ ಅಂದವರು ವರ್ಷಕ್ಕೆ ಹತ್ತು ತಿಂಗಳು ಆ ಹಗ್ಗ ಹಿಡಿದವರು. ಅವರ ಕೈಗೆ ಗೊತ್ತಿರುವುದು ಸುಳ್ಳಲ್ಲ. ಹುಡುಗರದ್ದೂ ಪೂರ್ತಿ ತಪ್ಪಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಿನ ಎಳೆತ ಹೇಳುತ್ತಿದ್ದಾರೆ, ಅಷ್ಟೇ. ಅದು ಹೇಗೆ ಅಂತ ನೋಡೋಣ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಬೋಟು 30 ಟನ್ ಇದೆ, ಹಾಗಾಗಿ ಹಗ್ಗಕ್ಕೆ ದೊಡ್ಡ ಭಾರ ಬರುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಬೋಟಿನ ಭಾರವನ್ನು ನೀರು ಹೊತ್ತಿದೆ. ಹಗ್ಗ ಹೊತ್ತಿಲ್ಲ. ಗಾಳಿ ಒಂದೇ ಸಮ ಬೀಸುತ್ತಿದ್ದರೆ, ಬೋಟು ಅಲ್ಲಾಡದೆ ನಿಂತಿದ್ದರೆ, ಹಗ್ಗಕ್ಕೆ ಬರುವುದು ಗಾಳಿ ತಳ್ಳಿದಷ್ಟು ಮಾತ್ರ. ಖಾಲಿ ಬೋಟು ನೀರಿನ ಮೇಲೆ ಎದ್ದು ನಿಲ್ಲುತ್ತದೆ, ಗಾಳಿಗೆ ಹೆಚ್ಚು ಮೈ ಕೊಡುತ್ತದೆ. ಹಾಗಾಗಿ ಮೀನು ತುಂಬಿದ ಬೋಟಿಗಿಂತ ಖಾಲಿ ಬೋಟಿನ ಹಗ್ಗಕ್ಕೇ ಗಾಳಿಯ ಎಳೆತ ಸ್ವಲ್ಪ ಜಾಸ್ತಿ. 30 ಟನ್‌ಗೂ ಒಂದು ಪಾತ್ರ ಇದೆ. ಅದು ಆಮೇಲೆ ಬರುತ್ತದೆ, ಬಂದಾಗ ಜೋರಾಗಿಯೇ ಬರುತ್ತದೆ.

ಗಾಳಿ ತಳ್ಳುವುದು ಅಂದರೆ ಏನು? ಗಾಳಿಗೆ ತೂಕ ಇದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯೊಳಗಿನ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಗಂಟೆಗೆ 55 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. ಒಂದು ಚದರ ಮೀಟರ್ ಹಲಗೆಯನ್ನು ಎದುರು ಹಿಡಿದರೆ ಪ್ರತಿ ಸೆಕೆಂಡಿಗೆ 18 ಕೆಜಿ ಗಾಳಿ ಬಂದು ಬಡಿಯುತ್ತಿರುತ್ತದೆ. ಈಗ ವೇಗ ಎರಡು ಪಟ್ಟು ಆಯಿತು ಅಂದುಕೊಳ್ಳಿ. ಬರುವ ಗಾಳಿಯೂ ಎರಡು ಪಟ್ಟು, ಬಡಿಯುವ ಜೋರೂ ಎರಡು ಪಟ್ಟು. ಎರಡೆರಡ್ಲಿ ನಾಲ್ಕು. ವೇಗ ಮೂರು ಪಟ್ಟಾದರೆ ಒಂಬತ್ತು. ಇದಕ್ಕೇ ಪುಸ್ತಕದಲ್ಲಿ ವೇಗದ ವರ್ಗ ಅನ್ನುವುದು.

ಕಟ್ಟಡದ ಇಂಜಿನಿಯರುಗಳು ಇದನ್ನೇ 0.6 ಗುಣಿಸು ವೇಗದ ವರ್ಗ ಅಂತ ಬರೆಯುತ್ತಾರೆ. ನಮ್ಮ ದೇಶದ ಐಎಸ್ 875 ಅನ್ನುವ ಮಾನದಂಡದ ಮೂರನೇ ಭಾಗದಲ್ಲಿ ಅದು ಇದೆ. ವೇಗ ಸೆಕೆಂಡಿಗೆ ಮೀಟರ್, ಉತ್ತರ ಚದರ ಮೀಟರಿಗೆ ಇಷ್ಟು ನ್ಯೂಟನ್ ಅಂತ. ಮಂಗಳೂರಿಗೆ 39 ಮೀಟರ್ ವೇಗದ ಗಾಳಿ, ಬೆಂಗಳೂರಿಗೆ 33 ಅಂತ ಅಲ್ಲಿ ಕೊಟ್ಟಿದ್ದಾರೆ. ಕಡಲ ಪಕ್ಕದಲ್ಲಿ ಮನೆ ಕಟ್ಟಿಸಿದವರ ಕಂಟ್ರಾಕ್ಟರು ಇದನ್ನು ನೋಡಿರಬೇಕು. ನೋಡಿದ್ದಾರೋ ಇಲ್ಲವೋ, ಅದು ಬೇರೆ ಮಾತು.

ನಮಗೆ ನ್ಯೂಟನ್ ಬೇಡ. ಹವಾಮಾನ ಇಲಾಖೆಯ ಎಚ್ಚರಿಕೆ ಬರುವುದು ಕಿಲೋಮೀಟರ್‌ನಲ್ಲಿ, ನಾವು ಹಗ್ಗ ಕೊಳ್ಳುವಾಗ ಮಾತಾಡುವುದು ಕೆಜಿ, ಟನ್‌ನಲ್ಲಿ. ಹಾಗಾಗಿ ನಾನು ಬಳಸುವ ಲೆಕ್ಕ ಇದು, ಬರೆದುಕೊಳ್ಳಿ. ಗಾಳಿಯ ವೇಗವನ್ನು ಕಿಲೋಮೀಟರ್‌ನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ, 200ರಿಂದ ಭಾಗಿಸಿ. ಬಂದದ್ದು ಒಂದು ಚದರ ಮೀಟರಿಗೆ ಇಷ್ಟು ಕೆಜಿ. ಸರಿಯಾದ ಅಂಕಿ 212. ಆದರೆ ತಾಂಡೇಲರಿಗೆ 212ರಿಂದ ಭಾಗಿಸಿ ಅಂತ ಹೇಳಿದರೆ ನನ್ನನ್ನು ನೀರಿಗೆ ದೂಡುತ್ತಾರೆ. 200 ಇಟ್ಟರೆ ಉತ್ತರ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ವೇಗವನ್ನು ನಾಟ್‌ನಲ್ಲಿ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅಂತ ಹೇಳುವವರು 60ರಿಂದ ಭಾಗಿಸಿ.

55ನ್ನು 55ರಿಂದ ಗುಣಿಸಿದರೆ 3025. ಭಾಗಿಸು 200, ಅಂದರೆ 15. ಒಂದು ಚದರ ಮೀಟರಿಗೆ 15 ಕೆಜಿ.

ಈಗ ಬೋಟಿನ ಮೈ ಅಳೆಯಬೇಕು. ಎದುರಿನಿಂದ ನೋಡಿದರೆ ಎಷ್ಟು ಚದರ ಮೀಟರ್ ಕಾಣುತ್ತದೆ? ನೀರಿನ ಮೇಲಿನ ಒಡಲು, ನಾಲ್ಕೂವರೆ ಮೀಟರ್ ಅಗಲ, ಸರಾಸರಿ ಒಂದು ಮುಕ್ಕಾಲು ಮೀಟರ್ ಎತ್ತರ ಅಂತ ಹಿಡಿದರೆ 8. ಅದರ ಮೇಲೆ ಎದ್ದು ಕಾಣುವ ಕ್ಯಾಬಿನ್, ಎರಡೂವರೆಗೆ ಎರಡು, 5. ಇಲ್ಲಿಗೆ 13 ಅಂತ ನಿಲ್ಲಿಸಿಬಿಡುತ್ತಾರೆ ಎಲ್ಲರೂ. ಕಂಬ ಎಲ್ಲಿ ಹೋಯಿತು? ಹಿಂದಿನ ಗ್ಯಾಲೋಸು, ಅಂದರೆ ಬಲೆ ಎಳೆಯುವ ಚೌಕಟ್ಟು? ಸುರುಳಿ ಸುತ್ತಿಟ್ಟ ಹಗ್ಗ, ರಾಶಿ ಹಾಕಿದ ಬಲೆ, ಕ್ಯಾಬಿನ್ ಮೇಲೆ ಕಟ್ಟಿದ ಕ್ರೇಟು, ಹೊದೆಸಿದ ಟಾರ್ಪಾಲು, ಬಾವುಟ? ಒಂದು ವಿಷಯ ನೆನಪಿಡಿ, ಗಾಳಿಗೆ ಉರುಟು ಹಗ್ಗವೂ ಚಪ್ಪಟೆ ಹಲಗೆಯೂ ಹೆಚ್ಚುಕಡಿಮೆ ಒಂದೇ. ಬಾವುಟ ಸುಮ್ನೆ ಚಂದಕ್ಕೆ ಕಟ್ಟಿದ್ದು ಅಂತ ಅನಿಸುತ್ತದೆ. ಪಟಪಟ ಬಡಿಯುವ ಬಟ್ಟೆ ಅದರ ಅಳತೆಗೆ ಮೀರಿ ಎಳೆಯುತ್ತದೆ. ಇದಕ್ಕೆಲ್ಲ ಒಂದು 2 ಸೇರಿಸೋಣ. ಒಟ್ಟು 15 ಚದರ ಮೀಟರ್.

ಆಕಾರಕ್ಕೆ ತಕ್ಕಂತೆ ಒಂದು ಗುಣಾಂಕ ಇರುತ್ತದೆ. ಚಪ್ಪಟೆ ಹಲಗೆಗೂ ಉರುಟು ಕಂಬಕ್ಕೂ 1.2ರ ಹತ್ತಿರ, ಚೆಂಡಿಗೆ 0.5. ಚೂಪು ಮೂತಿಯ ಒಡಲಿಗೆ ಒಂದಕ್ಕಿಂತ ಕಡಿಮೆ. ಕ್ಯಾಬಿನ್ನಿಗೆ ಒಂದಕ್ಕಿಂತ ಜಾಸ್ತಿ. ಎರಡನ್ನೂ ಸೇರಿಸಿ ನಾನು ಒಂದು ಅಂತಲೇ ಹಿಡಿಯುತ್ತೇನೆ. ಕಾಲೇಜಿನವರಿಗೆ ಇದು ಸಮಾಧಾನ ಆಗುವುದಿಲ್ಲ ಅಂತ ಗೊತ್ತು. ನೀವು ಕಂಪ್ಯೂಟರಿನಲ್ಲಿ ಕೂತು 0.87 ಅಂತ ಕಂಡುಹಿಡಿದು ಬನ್ನಿ. ಅಷ್ಟರಲ್ಲಿ ಬೋಟಿನವರು ಇನ್ನೆರಡು ಬುಟ್ಟಿ ಬಲೆ ಮೇಲೆ ಹೇರಿರುತ್ತಾರೆ.

ಹದಿನೈದು ಹದಿನೈದ್ಲಿ 225. ಅಂದರೆ ಐದು ಟನ್ನೂ ಅಲ್ಲ, ಐವತ್ತು ಕೆಜಿಯೂ ಅಲ್ಲ. 225 ಕೆಜಿ. ಒಂದು ಬುಲೆಟ್ ಬೈಕಿಗೆ ಪೆಟ್ರೋಲು ತುಂಬಿಸಿ, ಹಿಂದೆ ಒಂದು ಸಣ್ಣ ಐಸ್ ಪೆಟ್ಟಿಗೆ ಕಟ್ಟಿದಷ್ಟು. ಇಷ್ಟೇನಾ ಅನಿಸಿತಲ್ವಾ? ಇಲ್ಲೇ ಎಲ್ಲರೂ ಮೋಸ ಹೋಗುವುದು.

ಇಲ್ಲಿ ಒಂದು ಹಳೆ ಕತೆ ಹೇಳಬೇಕು. ಗಾಳಿ ಒತ್ತಡದ ಅಂಕಿಯನ್ನು ಮೊದಲು ಗಟ್ಟಿ ಮಾಡಲು ಹೊರಟವರಲ್ಲಿ ಒಬ್ಬ ಜಾನ್ ಸ್ಮೀಟನ್, ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿದವನು. 1759ರಲ್ಲಿ ಆ ದೀಪ ಹತ್ತಿತು. ಗಾಳಿಯಂತ್ರ, ನೀರಿನ ಚಕ್ರಗಳ ಬಗ್ಗೆ ಅವನ ಪ್ರಬಂಧವೂ ಅದೇ ವರ್ಷದ್ದು. ಅದರಲ್ಲಿದ್ದ ಗಾಳಿ ಒತ್ತಡದ ಕೋಷ್ಟಕದಿಂದ, ವೇಗದ ವರ್ಗಕ್ಕೆ ಗುಣಿಸಬೇಕಾದ 0.005 ಅನ್ನುವ ಅಂಕಿ ಬಂತು. ವೇಗ ಮೈಲಿಯಲ್ಲಿ, ಒತ್ತಡ ಚದರ ಅಡಿಗೆ ಪೌಂಡಿನಲ್ಲಿ. ಜನ ಅದನ್ನೇ ನೂರ ನಲವತ್ತು ವರ್ಷ ಕಣ್ಣು ಮುಚ್ಚಿ ನಂಬಿದರು. ಕೊನೆಗೆ ವಿಮಾನ ಹಾರಿಸಲು ಹೊರಟ ರೈಟ್ ಸಹೋದರರಿಗೆ 1901ರಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಅವರೇ ಅಳೆದು ನೋಡಿದರು, 0.0033 ಬಂತು. ಅಂದರೆ ಹಳೆ ಅಂಕಿ ಒಂದೂವರೆ ಪಟ್ಟು ಜಾಸ್ತಿ ಇತ್ತು. ಅಷ್ಟು ದೊಡ್ಡವರ ಅಂಕಿಯೇ ಇಷ್ಟು ಆಚೀಚೆ ಇದ್ದಾಗ ನನ್ನ ಗುಣಾಂಕ ಒಂದು ಅಂದರೆ ನೀವು ಬೈಯಬಾರದು.

ನಾನೂ ಒಮ್ಮೆ ಅಳೆದು ನೋಡಿದ್ದೇನೆ. ಫೆಬ್ರವರಿಯ ಒಂದು ಮಧ್ಯಾಹ್ನ, ಕಡಲ ಗಾಳಿ ಏಳುವ ಹೊತ್ತು. ಮೀನು ತೂಗುವ ನೇತಾಡುವ ಡಿಜಿಟಲ್ ತಕ್ಕಡಿ, ಒಂದು ಟನ್‌ದು, ಗೆಳೆಯರೊಬ್ಬರಿಂದ ಕೇಳಿ ತಂದೆ. ಲಂಗರಿನ ಹಗ್ಗಕ್ಕೂ ಮೂತಿಯ ಗೂಟಕ್ಕೂ ನಡುವೆ ಅದನ್ನು ಸಿಕ್ಕಿಸಿದೆ. ಸುಮಾರು ಇದೇ ಅಳತೆಯ ಬೋಟು. ಕ್ಯಾಬಿನ್ ಮೇಲೆ ಕೂತ ಹುಡುಗ ಕೈಯಲ್ಲಿ ಹಿಡಿಯುವ ಗಾಳಿಮಾಪಕ ಹಿಡಿದು ಅಂಕಿ ಕೂಗುತ್ತಿದ್ದ. 20, 22, 24. ನನ್ನ ಲೆಕ್ಕದಂತೆ 22 ಕಿಲೋಮೀಟರಿಗೆ 36 ಕೆಜಿ ಬರಬೇಕು. ತಕ್ಕಡಿ ಏನು ತೋರಿಸಿತು ಗೊತ್ತಾ? 25. ಆಮೇಲೆ 30. ಆಮೇಲೆ 70! ಮತ್ತೆ 28. ಮತ್ತೆ 65. ಒಂದು ಕಡೆ ನಿಲ್ಲಲೇ ಇಲ್ಲ. ನಮ್ಮ ಮಾವ ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದರು. "ಎಂತ ಅಳಿಯ, ನಿನ್ನ ಪುಸ್ತಕ ಓಲಾಡ್ತಾ ಉಂಟಲ್ಲ" ಅಂದರು.

ಓಲಾಡುತ್ತಿದ್ದದ್ದು ಬೋಟು. ಅದನ್ನು ನೀವೆಲ್ಲ ನೋಡಿದ್ದೀರಿ. ಲಂಗರಿನಲ್ಲಿ ನಿಂತ ಬೋಟು ಗಾಳಿಗೆ ನೇರವಾಗಿ ಮುಖ ಮಾಡಿ ನಿಲ್ಲುವುದೇ ಇಲ್ಲ. ಎಡಕ್ಕೆ ಹೊರಳುತ್ತದೆ, ಪಕ್ಕೆ ತೋರಿಸುತ್ತದೆ, ಗಾಳಿ ಆ ಪಕ್ಕೆಯನ್ನು ತಳ್ಳುತ್ತದೆ, ಹಗ್ಗ ಬಿಗಿಯಾಗಿ ಮೂತಿಯನ್ನು ಹಿಂದಕ್ಕೆ ಎಳೆಯುತ್ತದೆ, ಬೋಟು ಬಲಕ್ಕೆ ಹೊರಳುತ್ತದೆ. ಕಟ್ಟಿಹಾಕಿದ ಎಮ್ಮೆ ಗೂಟದ ಸುತ್ತ ಆಚೆ ಈಚೆ ಓಡಾಡುವ ಹಾಗೆ. ಕ್ಯಾಬಿನ್ ಮುಂದೆ ಇರುವ ಬೋಟಿನಲ್ಲಿ ಇದು ಇನ್ನೂ ಜಾಸ್ತಿ. ಗಾಳಿ ಹಿಡಿಯುವ ಮೈ ಮುಂದೆ, ನೀರು ಹಿಡಿಯುವ ಆಳ ಹಿಂದೆ. ಹಾಗಾದಾಗ ಮೂತಿ ಗಾಳಿಗೆ ನಿಲ್ಲಲು ಒಪ್ಪುವುದೇ ಇಲ್ಲ.

ಹಾಗಾಗಿ ಪಕ್ಕೆಯನ್ನೂ ಅಳೆಯಬೇಕು. ನಮ್ಮ ಬೋಟಿನ ಪಕ್ಕೆ ಒಡಲಿಗೆ 22, ಕ್ಯಾಬಿನ್ನಿಗೆ 8, ಸಾಮಾನಿಗೆ 5. ಒಟ್ಟು 35 ಚದರ ಮೀಟರ್. ಎದುರಿನ ಎರಡು ಪಟ್ಟಿಗಿಂತ ಜಾಸ್ತಿ. ಬೋಟು 30 ಡಿಗ್ರಿ ಹೊರಳಿದರೆ ಗಾಳಿಗೆ ಕಾಣುವ ಮೈ ಎಷ್ಟು? ಎದುರಿನ 15ರಲ್ಲಿ ಸುಮಾರು 13 ಉಳಿಯುತ್ತದೆ, ಪಕ್ಕೆಯ 35ರಲ್ಲಿ ಅರ್ಧ ಸೇರುತ್ತದೆ. ಒಟ್ಟು 30. ಅಂದರೆ ಎರಡು ಪಟ್ಟು. 30 ಡಿಗ್ರಿ ಅಂದರೆ ದೊಡ್ಡ ಹೊರಳು ಏನಲ್ಲ. ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಬಂದಷ್ಟು. ತಕ್ಕಡಿಯಲ್ಲಿ 30 ಇದ್ದದ್ದು 70 ಆದದ್ದು ಯಾಕೆ ಅಂತ ಈಗ ಅರ್ಥ ಆಯಿತಲ್ವಾ?

ಇನ್ನು ಯಾವ ಗಾಳಿ ಅನ್ನುವ ಪ್ರಶ್ನೆ. ಎಚ್ಚರಿಕೆಯಲ್ಲಿ ಹೇಗೆ ಬರುತ್ತದೆ? "ಗಂಟೆಗೆ 45ರಿಂದ 55 ಕಿಲೋಮೀಟರ್, ಆಗಾಗ 65 ಕಿಲೋಮೀಟರ್ ವರೆಗೆ." ನಾವು 55 ಅಂತ ಓದಿ ಫೋನು ಕಿಸೆಗೆ ಹಾಕುತ್ತೇವೆ. ಹಗ್ಗ ಓದುವುದು ಆ ಕೊನೆಯ 65ನ್ನು. 55 ಅನ್ನುವುದು ಕೆಲವು ನಿಮಿಷಗಳ ಸರಾಸರಿ. ನಮ್ಮ ಹವಾಮಾನ ಇಲಾಖೆ ಚಂಡಮಾರುತದ ಗಾಳಿಗೆ ಮೂರು ನಿಮಿಷದ ಸರಾಸರಿ ಹಿಡಿಯುತ್ತದೆ. 65 ಬರುವುದು ಕೆಲವೇ ಸೆಕೆಂಡು. ಅಷ್ಟು ಸೆಕೆಂಡು ಸಾಕು, ಬೋಟು ಹೊರಳಿ ನಿಂತಿರುವಾಗ ಬಂದರೆ. 65 ಗುಣಿಸು 65, ಭಾಗಿಸು 200, 21 ಕೆಜಿ. ಅದನ್ನು 30 ಚದರ ಮೀಟರಿಗೆ ಗುಣಿಸಿ. 630 ಕೆಜಿ. ಎಚ್ಚರಿಕೆಯ ಸಾಲು ಅದೇ, ಬೋಟು ಅದೇ. 225 ಇದ್ದದ್ದು 630 ಆಯಿತು. ಹಳೆ ಮಾರುತಿ 800 ಕಾರಿನ ತೂಕ.

ಎತ್ತರದ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಇಲಾಖೆಯ ಅಂಕಿ 10 ಮೀಟರ್ ಎತ್ತರದ ಗಾಳಿಯದ್ದು. ನಮ್ಮ ಬೋಟಿನ ಮೈ ಇರುವುದು ಎರಡು ಮೂರು ಮೀಟರಿನಲ್ಲಿ. ಅಲ್ಲಿ ಗಾಳಿ ಸ್ವಲ್ಪ ಮೆಲ್ಲಗೆ, ಒತ್ತಡದಲ್ಲಿ ಸುಮಾರು ಕಾಲು ಭಾಗ ಕಡಿಮೆ. ಆ ಕಾಲು ಭಾಗವನ್ನು ನಾನು ಕಳೆಯುವುದಿಲ್ಲ. ನಿಮ್ಮ ಕಿಸೆಯಲ್ಲೇ ಇರಲಿ.

ನಮ್ಮ ಲೆಕ್ಕ ಸರಿಯಾ ಅಂತ ತಾಳೆ ನೋಡಲು ಒಂದು ದಾರಿ ಇದೆ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಅನ್ನುವ ಸಂಸ್ಥೆಯ ಒಂದು ಕೋಷ್ಟಕ ಇದೆ, ಲಂಗರಿನ ಸಾಮಾನು ಆರಿಸುವುದಕ್ಕೆ. 50 ಅಡಿಯ ಬೋಟಿಗೆ 15 ನಾಟ್ ಗಾಳಿಗೆ 400 ಪೌಂಡ್, 30 ನಾಟ್‌ಗೆ 1600, 42 ನಾಟ್‌ಗೆ 3200. ನೋಡಿ, 15 ಇದ್ದದ್ದು 30 ಆದಾಗ ಎಳೆತ ನಾಲ್ಕು ಪಟ್ಟು. ಇದೇ ವರ್ಗದ ಆಟ. 30 ನಾಟ್ ಅಂದರೆ ನಮ್ಮ 55 ಕಿಲೋಮೀಟರ್. 1600 ಪೌಂಡ್ ಅಂದರೆ 725 ಕೆಜಿ. ಬೋಟು ನೇರ ನಿಂತಿದೆ ಅಂದುಕೊಂಡ ನಮ್ಮ ಅಂಕಿ 225, ಅವರದ್ದು ಮೂರು ಪಟ್ಟಿಗಿಂತ ಜಾಸ್ತಿ. ಈ ಕೋಷ್ಟಕ ಸುಮ್ನೆ ಹೆದರಿಸಲು ಬರೆದದ್ದು ಅಂತ ವಿಹಾರದ ದೋಣಿಯವರು ಎಷ್ಟೋ ಸಲ ಜಗಳ ಆಡುತ್ತಾರೆ. ಹೊರಳಿನದ್ದೂ ಬೀಸುಗಾಳಿಯದ್ದೂ ಸೇರಿಸಿದ ನಮ್ಮ 630ನ್ನು ಪಕ್ಕದಲ್ಲಿಟ್ಟು ನೋಡಿ. ಹೆದರಿಸಿದ ಹಾಗೆ ಕಾಣುವುದಿಲ್ಲ.

ಒಂದು ಚಂಡಮಾರುತದ ಅಂಕಿಯನ್ನೂ ಹಾಕಿಬಿಡೋಣ. 100 ಕಿಲೋಮೀಟರ್. ನೂರು ನೂರ್ಲಿ ಹತ್ತು ಸಾವಿರ, ಭಾಗಿಸು 200, 50 ಕೆಜಿ. 30 ಚದರ ಮೀಟರಿಗೆ 1500 ಕೆಜಿ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದದ್ದು ಎಲ್ಲರಿಗೂ ನೆನಪಿದೆ. ಕಾಪು ಹತ್ತಿರ ಬಂಡೆಗೆ ಸಿಕ್ಕಿದ, ಹಡಗು ಎಳೆಯುವ ಟಗ್ಗಿನಿಂದ ಒಂಬತ್ತು ಜನರನ್ನು ಹೆಲಿಕಾಪ್ಟರು, ಕರಾವಳಿ ಕಾವಲು ಪಡೆಯ ಹಡಗು ಸೇರಿ ಉಳಿಸಿದರು. ಅದೇ ಚಂಡಮಾರುತ ಮೇ 17ರಂದು ಮುಂಬೈ ಆಚೆ ಪಿ-305 ಅನ್ನುವ ಬಾರ್ಜಿನ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯ, ಲಂಗರುಗಳನ್ನು ಕಿತ್ತಿತು. ಬಾರ್ಜು ಮುಳುಗಿ ಹತ್ತಾರು ಜನ ಹೋದರು. ಮನೆಯಷ್ಟು ಎತ್ತರದ ಮೈ ಇರುವ ಬಾರ್ಜು ಅದು. ನಮ್ಮ 30 ಚದರ ಮೀಟರಿಗೇ ಒಂದೂವರೆ ಟನ್ ಆದರೆ ಅದಕ್ಕೆ ಎಷ್ಟು ಅಂತ ನೀವೇ ಅಂದಾಜು ಮಾಡಿ.

ಗಾಳಿಮಾಪಕ ಇಲ್ಲದಿದ್ದರೆ ಏನು ಮಾಡುವುದು ಅಂತ ಒಬ್ಬರು ಕೇಳಿದರು. ಕಣ್ಣು ಇದೆಯಲ್ಲ. ಅಲೆಯ ತಲೆ ಅಲ್ಲಲ್ಲಿ ಬೆಳ್ಳಗಾಗಲು ಶುರುವಾದರೆ ಗಂಟೆಗೆ 15 ಕಿಲೋಮೀಟರಿನ ಹತ್ತಿರ. ಎಲ್ಲ ಕಡೆ ಬಿಳಿ ತಲೆಗಳೇ ಕಂಡರೆ 30 ದಾಟಿದೆ. ನೊರೆ ಗೆರೆ ಗೆರೆಯಾಗಿ ಗಾಳಿಯ ದಿಕ್ಕಿಗೆ ಎಳೆದುಕೊಂಡು ಹೋಗುತ್ತಿದ್ದರೆ 50 ದಾಟಿದೆ. ಬ್ಯೂಫರ್ಟ್ ಅನ್ನುವ ನೌಕಾಪಡೆಯ ಅಧಿಕಾರಿ 1805ರಲ್ಲಿ ಶುರು ಮಾಡಿದ ಪಟ್ಟಿ ಹೀಗೆಯೇ ಬೆಳೆದು ಬಂದದ್ದು. ಕಿವಿಯೂ ಇದೆ. ನಮ್ಮ ಮಾವ "ಹಗ್ಗ ಹಾಡ್ತಾ ಉಂಟು" ಅನ್ನುತ್ತಿದ್ದರು. ಅದಕ್ಕೂ ಲೆಕ್ಕ ಇದೆ ಕೇಳಿ. ಹಗ್ಗದ ಹಿಂದೆ ಗಾಳಿ ಸುಳಿ ಸುಳಿಯಾಗಿ ಕಳಚಿಕೊಳ್ಳುತ್ತದೆ. ಸೆಕೆಂಡಿಗೆ ಎಷ್ಟು ಸುಳಿ ಅಂದರೆ, ಗಾಳಿಯ ವೇಗವನ್ನು ಹಗ್ಗದ ದಪ್ಪದಿಂದ ಭಾಗಿಸಿ ಐದನೇ ಒಂದು ಭಾಗ ತೆಗೆದರೆ ಆಯಿತು. 12 ಮಿಲಿಮೀಟರ್ ಹಗ್ಗ, 15 ಮೀಟರ್ ಗಾಳಿ, 250. ಹಾರ್ಮೋನಿಯಂನ ನಡುವಿನ ಷಡ್ಜದ ಹತ್ತಿರ ಬಂತು. ಯಕ್ಷಗಾನದ ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಕಿವಿಗೆ ಗಾಳಿ ಏರಿದ್ದು ಗೊತ್ತಾಗದೆ ಇರುತ್ತದಾ?

ಈಗ ಐದು ಟನ್ ಅಂದವರ ಹತ್ತಿರ ವಾಪಸ್ ಬರೋಣ.

ಇಷ್ಟು ಹೊತ್ತು ಗಾಳಿ ಮಾತ್ರ ಎಳೆಯುತ್ತಿತ್ತು. 30 ಟನ್ ಬೋಟಿಗೆ ಒಂದು ಪಾತ್ರ ಇದೆ ಅಂದೆನಲ್ಲ, ಅದು ಈಗ. ಬೋಟು ಹೊರಳಿ ಮುಂದೆ ಜಾರುತ್ತದೆ, ಹಗ್ಗ ಸಡಿಲ ಆಗುತ್ತದೆ. ಅಷ್ಟರಲ್ಲಿ ಗಾಳಿ ಬೀಸಿ, ಒಂದು ಅಲೆಯೂ ಎತ್ತಿ, ಬೋಟನ್ನು ಹಿಂದಕ್ಕೆ ದೂಡುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ವೇಗ ಅಂದುಕೊಳ್ಳಿ. ಬೋಟು ನಿಲ್ಲುವ ದಕ್ಕೆಯ ಮೇಲೆ ಅಜ್ಜ ನಡೆಯುವಷ್ಟು ನಿಧಾನ. ಆದರೆ ನಡೆಯುತ್ತಿರುವುದು 30 ಟನ್. ಹಗ್ಗ ಬಿಗಿಯಾಗಿ ಅದನ್ನು ನಿಲ್ಲಿಸಬೇಕು. ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಗ್ಗ ಎರಡು ಮೀಟರ್ ಹಿಗ್ಗಿ ನಿಲ್ಲಿಸಿದರೆ ಜಗ್ಗು, ಅಂದರೆ ಆ ಗಳಿಗೆಯ ಎಳೆತ, 400 ಕೆಜಿಯೊಳಗೆ. ಅರ್ಧ ಮೀಟರಿನಲ್ಲಿ ನಿಲ್ಲಿಸಿದರೆ ಒಂದೂವರೆ ಟನ್. ಸರಪಳಿ ನೆಟ್ಟಗೆ ಎಳೆದು ನಿಂತು, ಹತ್ತು ಸೆಂಟಿಮೀಟರಿನಲ್ಲಿ ನಿಲ್ಲಿಸಬೇಕಾದರೆ ಏಳೂವರೆ ಟನ್.

ಹಾಗಾಗಿ ಐದು ಟನ್ ಅಂದವರು ಜಗ್ಗನ್ನು ಹೇಳಿದ್ದು. ಐವತ್ತು ಕೆಜಿ ಅಂದ ಹುಡುಗರು ಸಂಜೆಯ ಕಡಲ ಗಾಳಿಯನ್ನು ಹೇಳಿದ್ದು. ನಮ್ಮ ಗಾಳಿ ಲೆಕ್ಕ ಅಡಿಪಾಯ ಮಾತ್ರ. ಅದರ ಮೇಲೆ ಜಗ್ಗು ಎಷ್ಟು ಕೂರುತ್ತದೆ ಅನ್ನುವುದು ಹಗ್ಗದ ಹಿಗ್ಗು ತೀರ್ಮಾನಿಸುತ್ತದೆ. ನೈಲಾನ್ ಹಗ್ಗ ಚೆನ್ನಾಗಿ ಹಿಗ್ಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವ ಪಾಲಿಪ್ರೊಪಿಲೀನ್ ಹಗ್ಗ ಅಷ್ಟು ಹಿಗ್ಗುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಬಿಸಿಲಿಗೆ ಬೇಗ ಹಳತಾಗುತ್ತದೆ. ಅಗ್ಗ ಅಂತ ತರುತ್ತೇವೆ. ನಾನೂ ತಂದಿದ್ದೇನೆ.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಮಾವನ ಹಳೆ ಬೋಟು, ನಾನು ಆಗ ಕಾಲೇಜು ಹುಡುಗ, ರಜೆಯಲ್ಲಿ ಜೊತೆಗೆ ಹೋಗಿದ್ದೆ. ದ್ವೀಪದ ಮರೆಗೆ ಲಂಗರು ಹಾಕಿದ್ದೆವು. ಮಳೆಗಾಳಿ ಎರಡು ಗಂಟೆ ಹೊಡೆಯಿತು. ಹಗ್ಗ ಹಾಡಿತು, ನಾವು ಎಲ್ಲ ದೇವರನ್ನೂ ಕರೆದೆವು, ಏನೂ ಆಗಲಿಲ್ಲ. ಗಾಳಿ ನಿಂತಿತು. ಚಾ ಕಾಯಿಸಿದೆವು. ಆಗ ತುಂಡಾಯಿತು ಹಗ್ಗ! ಗಾಳಿ ಇಲ್ಲ, ಹಳೆ ಅಲೆ ಮಾತ್ರ ಉಳಿದಿತ್ತು. ಬೆಳಿಗ್ಗೆ ತುದಿ ನೋಡಿದರೆ ಎಳೆದು ಹರಿದದ್ದಲ್ಲ, ಮೂತಿಯ ಅಂಚಿಗೆ ಉಜ್ಜಿ ಉಜ್ಜಿ ಸವೆದದ್ದು. ಎರಡು ಗಂಟೆ ಗಾಳಿ ಹೊಡೆದಾಗ ಒಂದೊಂದು ಹೊರಳಿಗೂ ಒಂದೊಂದು ಎಳೆ ಹೋಗಿತ್ತು. ಮಾವ ಆಮೇಲೆ ಯಾವಾಗಲೂ ಆ ಜಾಗಕ್ಕೆ ಹಳೆ ಸೈಕಲ್ ಟೈರು ಸುತ್ತುತ್ತಿದ್ದರು. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧಕ್ಕೆ ಇಳಿಯುತ್ತದೆ, ಅದೂ ಲೆಕ್ಕದಲ್ಲಿ ಇರಲಿ. ಅಂಗಡಿಯವರು ಹೇಳುವ ಟನ್ ಹೊಸ ಹಗ್ಗದ್ದು, ಗಂಟಿಲ್ಲದ ಹಗ್ಗದ್ದು.

ನಮ್ಮ ಕಡೆಗೇ ಸೇರಿದ ಎರಡು ವಿಷಯ ಯಾವ ವಿದೇಶದ ಕೋಷ್ಟಕದಲ್ಲೂ ಸಿಗುವುದಿಲ್ಲ. ಒಂದು, ಬೋಟಿಗೆ ಬೋಟು ಕಟ್ಟುವುದು. ಚಂಡಮಾರುತದ ಸುದ್ದಿ ಬಂದರೆ ಕಾರವಾರದ ಬೈತಖೋಲ ಬಂದರಿನಲ್ಲಿ ನೋಡಿ, ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರದ ಬೋಟುಗಳೂ ಬಂದು ನಿಂತಿರುತ್ತವೆ. ಜಾಗ ಇಲ್ಲ. ಒಬ್ಬರು ಲಂಗರು ಹಾಕುತ್ತಾರೆ, ಐದು ಜನ ಅವರ ಪಕ್ಕಕ್ಕೆ ಕಟ್ಟಿಕೊಳ್ಳುತ್ತಾರೆ. ಬೇಡ ಅನ್ನಲು ಆಗುತ್ತದಾ? 65 ಕಿಲೋಮೀಟರಿಗೆ ನೇರ ಎದುರಿಸಿದ ಒಂದು ಬೋಟಿಗೆ 315 ಕೆಜಿ. ಆರು ಬೋಟಿಗೆ 1900. ಒಂದೇ ಹಗ್ಗ, ಅದೇ ಲಂಗರು. ಸಾಲಾಗಿ ಕಟ್ಟಿದ ಬೋಟುಗಳು ಒಂಟಿ ಬೋಟಿನಷ್ಟು ಹೊರಳುವುದಿಲ್ಲ, ಅದೊಂದು ಸಮಾಧಾನ. ಆದರೂ ಇನ್ನೆರಡು ಬೋಟಿನವರಾದರೂ ತಮ್ಮ ಲಂಗರು ಇಳಿಸಬೇಕು. ಪಕ್ಕಕ್ಕೆ ಬಂದವರಿಗೆ ಹಗ್ಗ ಎಸೆಯುವಾಗಲೇ ಅದನ್ನು ಹೇಳಿಬಿಡಿ. ರಾತ್ರಿ ಹನ್ನೆರಡಕ್ಕೆ ಹೇಳಿದರೆ ಯಾರೂ ಏಳುವುದಿಲ್ಲ.

ಇನ್ನೊಂದು, ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಗಂಗೊಳ್ಳಿ, ತದಡಿ, ಹೊನ್ನಾವರದ ಕಡೆಯವರಿಗೆ ಇದು ಗೊತ್ತು. ನೀರು ಗಾಳಿಗಿಂತ 850 ಪಟ್ಟು ತೂಕ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ಹೊಳೆ ತಳ್ಳುವ ಒತ್ತಡ, ಸೆಕೆಂಡಿಗೆ 29 ಮೀಟರ್ ಬೀಸುವ ಗಾಳಿಯ ಒತ್ತಡಕ್ಕೆ ಸಮ. ಅದು ಗಂಟೆಗೆ 100 ಕಿಲೋಮೀಟರ್ ಮೀರಿದ ಗಾಳಿ! ಆದರೆ ನೀರೊಳಗಿನ ಒಡಲನ್ನು ಬಡಗಿ ನೀರು ಸೀಳಲೆಂದೇ ಮಾಡಿದ್ದಾನೆ. ನೀರು ಉದ್ದುದ್ದ ಹರಿದರೆ ಎಳೆತ ಕಡಿಮೆ. ತೊಂದರೆ ಬರುವುದು ಗಾಳಿ ಕಡಲಿನಿಂದ, ಇಳಿತದ ನೀರು ಹೊಳೆಯಿಂದ, ಎದುರುಬದುರು ಬಂದಾಗ. ಬೋಟು ನೀರಿನ ಮಾತು ಕೇಳಬೇಕೋ ಗಾಳಿಯ ಮಾತು ಕೇಳಬೇಕೋ ಗೊತ್ತಾಗದೆ ಅಡ್ಡ ನಿಲ್ಲುತ್ತದೆ. ಆಗ ಗಾಳಿಗೂ ಪಕ್ಕೆ, ನೀರಿಗೂ ಪಕ್ಕೆ. ಅಳಿವೆಯಲ್ಲಿ ಲೆಕ್ಕ ಮಾಡುವಾಗ ಎದುರಿನ 15 ಬಿಟ್ಟುಬಿಡಿ, ಪಕ್ಕೆಯ 35ನ್ನೇ ಹಿಡಿಯಿರಿ.

ಕೊನೆಯದಾಗಿ ಸರಪಳಿ. ಸರಪಳಿ ತನ್ನ ತೂಕದಿಂದ ಜೋತುಬಿದ್ದು ನೆಲಕ್ಕೆ ಒರಗಿದ್ದರೆ ಲಂಗರನ್ನು ಅಡ್ಡಕ್ಕೆ ಎಳೆಯುತ್ತದೆ. ಪೂರ್ತಿ ಎದ್ದರೆ ಮೇಲಕ್ಕೆ ಕೀಳುತ್ತದೆ. 10 ಮಿಲಿಮೀಟರ್ ಸರಪಳಿ ನೀರಿನಲ್ಲಿ ಮೀಟರಿಗೆ ಸುಮಾರು 2 ಕೆಜಿ. ನೀರು 6 ಮೀಟರ್, ಮೂತಿ ನೀರಿನಿಂದ 2 ಮೀಟರ್ ಮೇಲೆ. ಒಟ್ಟು 8. ಮೂತಿಯ ಎರಡು ಮೀಟರ್ ಸೇರಿಸಲು ಬಹಳ ಜನ ಮರೆಯುತ್ತಾರೆ. ಉಬ್ಬರದ ನೀರನ್ನೂ ಮರೆಯುತ್ತಾರೆ. 225 ಕೆಜಿ ಎಳೆತಕ್ಕೆ ಸರಪಳಿಯ ತುದಿ ನೆಲದಲ್ಲೇ ಇರಬೇಕಾದರೆ 43 ಮೀಟರ್ ಬಿಡಬೇಕು. 630 ಕೆಜಿಗೆ 71 ಮೀಟರ್. 1500ಕ್ಕೆ 110. ಎಳೆತ ನಾಲ್ಕು ಪಟ್ಟಾದರೆ ಸರಪಳಿ ಎರಡು ಪಟ್ಟು. ಅಂದರೆ ಗಾಳಿಯ ವೇಗ ಏರಿದ ಹಾಗೇ ಸರಪಳಿಯ ಉದ್ದವೂ ಏರಬೇಕು, ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಮಾವ ಇದನ್ನು ಬೇರೆ ಥರ ಹೇಳುತ್ತಿದ್ದರು: "ನೀರಿನ ನಾಲ್ಕು ಪಟ್ಟು ಬಿಡು. ಹಗ್ಗ ಹಾಡಿದರೆ ಏಳು ಪಟ್ಟು ಬಿಡು." ನಮ್ಮ ಬೋಟಿನಲ್ಲಿ ಅಷ್ಟು ಸರಪಳಿ ಯಾರೂ ಇಡುವುದಿಲ್ಲ, ನಾಲ್ಕೈದು ಮಾರು ಸರಪಳಿ, ಉಳಿದದ್ದು ಹಗ್ಗ. ಹಾಗಿದ್ದರೆ ಈ ಜೋತಾಟ ನಮಗೆ ಸಿಗುವುದು ಮೆಲುಗಾಳಿಯಲ್ಲಿ ಮಾತ್ರ. ಜೋರು ಗಾಳಿಗೆ ಹಗ್ಗದ ಉದ್ದ, ಹಗ್ಗದ ಹಿಗ್ಗು, ಅವೇ ನಮ್ಮ ಆಸ್ತಿ.

ಹೊರಳಾಟ ಕಡಿಮೆ ಮಾಡಲು ಏನಾದರೂ ಇದೆಯಾ ಅಂತ ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಇದೆ. ಕ್ಯಾಬಿನ್ ಮೇಲಿನ ಕ್ರೇಟು, ಟಾರ್ಪಾಲು ಕೆಳಗೆ ಇಳಿಸಿ. ಬಲೆಯ ರಾಶಿಯನ್ನು ಹಿಂದಕ್ಕೆ ಸರಿಸಿ. ಹಿಂದಿನ ಗ್ಯಾಲೋಸಿಗೆ ಒಂದು ಸಣ್ಣ ಟಾರ್ಪಾಲನ್ನು ಉದ್ದುದ್ದ ಬಿಗಿಯಾಗಿ ಕಟ್ಟಿದರೆ, ಬಾಣದ ಹಿಂದಿನ ಗರಿಯಂತೆ ಬೋಟನ್ನು ಗಾಳಿಗೆ ನೇರ ನಿಲ್ಲಿಸುತ್ತದೆ. ಎರಡನೇ ಲಂಗರನ್ನು ಇಂಗ್ಲಿಷಿನ ವಿ ಅಕ್ಷರದ ಹಾಗೆ ಓರೆಯಾಗಿ ಹಾಕಿದರೂ ಹೊರಳು ಕಡಿಮೆ ಆಗುತ್ತದೆ.

ಹೊರಗೆ ಇನ್ನೂ ಬೆಳಕಿದೆ. ದಕ್ಕೆಗೆ ಹೋಗೋಣ ಬನ್ನಿ. ನನ್ನ ಹತ್ತಿರ ಟೇಪು ಇದೆ, ಒಂದು ಮೀಟರಿನ ಕೋಲಿಗೆ ಕೆಂಪು ಬಣ್ಣ ಬಳಿದು ತಂದಿದ್ದೇನೆ. ಕೋಲನ್ನು ಮೂತಿಗೆ ನಿಲ್ಲಿಸಿ ದೂರದಿಂದ ಒಂದು ಫೋಟೋ, ಪಕ್ಕೆಯಿಂದ ಒಂದು ಫೋಟೋ. ಕಾಲೇಜು ಹುಡುಗರು ಫೋಟೋದ ಮೇಲೆ ಚೌಕ ಎಳೆದು ಎಣಿಸಲಿ. ಯಾರ ಬೋಟು ಮೊದಲು?